ಫ್ಲೋಮ್‌ನಲ್ಲಿ ಹಡಗು ಒಂಬತ್ತು ಗಂಟೆ ನಿಲ್ಲುತ್ತೆ: ಬೆಟ್ಟದ ರೈಲು ನಾವೇ ಬುಕ್ ಮಾಡ್ಕೊಂಡು ಹೋಗಿಬರಬಹುದಾ?

ಗಾಂಧಿಬಜಾರ್ ಗಡಿಯಾರ:

ಜುಲೈನಲ್ಲಿ ಸೌತಾಂಪ್ಟನ್‌ನಿಂದ ಏಳು ರಾತ್ರಿಯ ನಾರ್ವೆ ಕ್ರೂಸ್ ಬುಕ್ ಆಗಿದೆ. ನಾಲ್ಕು ಜನ, ಅದರಲ್ಲಿ ಇಬ್ಬರು ಹಿರಿಯರು, 66 ಮತ್ತು 71. ನಡೀತಾರೆ, ಮೆಟ್ಟಿಲು ಮಾತ್ರ ನಿಧಾನ. ಫ್ಲಾಮ್ ಅನ್ನೋ ಹಳ್ಳಿಗೆ ಹಡಗು ಬೆಳಗ್ಗೆ 8ಕ್ಕೆ ಬಂದು ಸಂಜೆ 5ಕ್ಕೆ ಹೊರಡುತ್ತೆ. 4:30ಕ್ಕೆ ಎಲ್ಲರೂ ಹಡಗಲ್ಲಿ ಇರಬೇಕಂತೆ. ಮಾರನೇ ದಿನ ಬರ್ಗೆನ್, 9ರಿಂದ 6. ಫ್ಲಾಮ್‌ನಿಂದ ಬೆಟ್ಟದ ಮೇಲಿನ ಮಿರ್ದಾಲ್‌ಗೆ ಹೋಗಿಬರೋ ರೈಲಿಗೆ ಹಡಗಿನವರೇ ಮಾರೋ ಟೂರ್ ಇದೆ, ಆದರೆ ಅದರ ದರಕ್ಕೂ ರೈಲಿನವರ ಜಾಲತಾಣದ ದರಕ್ಕೂ ಅಜಗಜಾಂತರ. ಕೇಳೋದು ಮೂರು: ನಾವೇ ಟಿಕೆಟ್ ತಗೊಂಡು ಹೋಗಿಬರೋದು ಸುರಕ್ಷಿತವಾ? ಎಷ್ಟು ಗಂಟೆಯ ಗಾಡಿ ಹಿಡೀಬೇಕು? ಬರ್ಗೆನ್‌ನಲ್ಲೂ ಒಂದು ರೈಲು ಸೇರಿಸಬಹುದಾ?

ಹಳಿ ಬಿಡದವ:

ಮೊದಲು ಹೆಸರು. ಇಂಗ್ಲಿಷ್ ಎ ಮೇಲೆ ಸಣ್ಣ ಸೊನ್ನೆ ಇದ್ದರೆ ನಾರ್ವೆಯವರು ಅದನ್ನ ಓ ಥರ ಹೇಳ್ತಾರೆ, ಹಾಗಾಗಿ ಅದು ಫ್ಲೋಮ್. ಸ್ಟೇಷನ್ನಿನ ಧ್ವನಿವರ್ಧಕದಲ್ಲಿ ಕೇಳೋದು ಹೀಗೇ. ಈಗಲೇ ಕಿವಿಗೆ ರೂಢಿಯಾಗಲಿ.

ನಿಮ್ಮ ಮೊದಲ ಪ್ರಶ್ನೆಗೆ ಉತ್ತರ: ಆರಾಮಾಗಿ ಮಾಡಬಹುದು. ಕ್ರೂಸ್ ನಿಲ್ಲೋ ಜಾಗಗಳಲ್ಲಿ ಇಷ್ಟು ಸಲೀಸಾದ ರೈಲು ಕಡಿಮೆ. ಹಡಗು ಕಟ್ಟೋ ಕಟ್ಟೆಗೂ ಸ್ಟೇಷನ್ನಿಗೂ ಸಮತಟ್ಟಾದ ಐದು ನಿಮಿಷದ ದಾರಿ. ಹಿರಿಯರ ಜೊತೆ ಹತ್ತು ನಿಮಿಷ ಅಂತಿಟ್ಕೊಳ್ಳಿ.

ಈ ಮಾರ್ಗದ ಲೆಕ್ಕ ಗೊತ್ತಿದ್ದರೆ ಗಾಡಿ ಆರಿಸೋದು ಸುಲಭ. ಫ್ಲೋಮ್ ಸಮುದ್ರಮಟ್ಟದಿಂದ 2 ಮೀಟರ್, ಮೇಲಿನ ತುದಿ ಮಿರ್ದಾಲ್ 867 ಮೀಟರ್, ನಡುವೆ 20.2 ಕಿ.ಮೀ. ಹಳಿ. ಸುಮಾರು ಶೇ 80ರಷ್ಟು ದೂರ 18ಕ್ಕೆ 1ರ ಏರು. ನಮ್ಮ ಸಕಲೇಶಪುರ–ಸುಬ್ರಹ್ಮಣ್ಯ ಘಾಟಿಯಲ್ಲಿ 50ಕ್ಕೆ 1. ಅಂದ್ರೆ ಅಲ್ಲಿ 50 ಮೀಟರ್ ಹೋಗಿ ಏರೋ ಒಂದು ಮೀಟರನ್ನ ಇಲ್ಲಿ 18 ಮೀಟರಿನಲ್ಲೇ ಏರಬೇಕು. ಊಟಿ ರೈಲು ಇದಕ್ಕಿಂತ ಕಡಿದು ಏರುತ್ತೆ, ಆದರೆ ಅದಕ್ಕೆ ಹಳಿಗಳ ನಡುವೆ ಎಂಜಿನ್ನಿನ ಹಲ್ಲುಚಕ್ರ ಕಚ್ಚಿಕೊಳ್ಳೋ ಹಲ್ಲಿನ ಪಟ್ಟಿ ಇದೆ. ಫ್ಲೋಮ್‌ನಲ್ಲಿ ಹಲ್ಲಿಲ್ಲ, ಯುರೋಪಿನ ಮಾಮೂಲಿ ಅಗಲದ ಹಳಿ, ಚಕ್ರದ ಹಿಡಿತವೇ ಎಲ್ಲ. ಅದಕ್ಕೇ ವೇಗ ಏರುವಾಗ ಗಂಟೆಗೆ 40, ಇಳಿಯುವಾಗ 30 ಕಿ.ಮೀ. ಒಂದು ಕಡೆಗೆ ಒಂದು ಗಂಟೆ ಹಿಡಿಯುತ್ತೆ.

ಪೂರ್ತಿ ಏಕಮಾರ್ಗ. ಕ್ರಾಸಿಂಗ್ ಮಾಡಕ್ಕೆ ಸರಿಸುಮಾರು ಮಧ್ಯದಲ್ಲಿ ಬೆರೆಕ್ವಾಮ್ ಅನ್ನೋ ಒಂದೇ ಒಂದು ಸ್ಟೇಷನ್. ಕೆಳಗಿಂದ ಬಂದ ಗಾಡಿ, ಮೇಲಿಂದ ಬಂದ ಗಾಡಿ ಅಲ್ಲೇ ಸೇರಿ ಪಕ್ಕಕ್ಕೆ ಸರಿದು ಹೋಗಬೇಕು. ಹಾಗಾಗಿ ಬೇಸಿಗೆಯ ಗದ್ದಲದಲ್ಲೂ ಗಾಡಿಗಳು ಹೆಚ್ಚುಕಡಿಮೆ ಒಂದೂಕಾಲು ಗಂಟೆಗೊಂದು; ಬೇಡಿಕೆ ಜಾಸ್ತಿ ಅಂತ ಇನ್ನೊಂದು ಗಾಡಿ ತುರುಕಕ್ಕೆ ಆಗಲ್ಲ. ಒಂದು ಗಾಡಿ ತಡವಾದ್ರೆ ಎದುರಿನದೂ ಬೆರೆಕ್ವಾಮ್‌ನಲ್ಲಿ ಕಾಯ್ತಾ ನಿಲ್ಲುತ್ತೆ.

ಜಯನಗರ 4ನೇ ಬ್ಲಾಕ್:

ನಾನಾದ್ರೆ ಹಿರಿಯರ ಜೊತೆ ಹಡಗಿನ ಟೂರೇ ತಗೋಳಿ ಅಂತೀನಿ. ಕಾರಣ ಒಂದೇ. ಹಡಗಿನವರ ಟೂರ್ ತಡವಾದ್ರೆ ಹಡಗು ಕಾಯುತ್ತೆ, ಇಲ್ಲ ಮುಂದಿನ ಬಂದರಿಗೆ ಅವರೇ ಮುಟ್ಟಿಸ್ತಾರೆ. ನೀವಾಗಿ ಹೋಗಿ ತಡ ಮಾಡಿದ್ರೆ ಹಡಗು ಹೊರಟುಹೋಗುತ್ತೆ, ಮುಂದಿನ ಬಂದರಿಗೆ ಹೋಗೋ ಖರ್ಚು ನಿಮ್ಮದು. ಉಳಿಸಿದ ದುಡ್ಡು ಒಂದೇ ಟ್ಯಾಕ್ಸಿಗೆ ಹೋಗುತ್ತೆ.

ಹಳಿ ಬಿಡದವ:

ಜಯನಗರದವರು ಹೇಳಿದ್ದು ನಿಯಮವಾಗಿ ಸರಿ. ಆದರೆ ಅಪಾಯ ಎಲ್ಲ ಬಂದರಲ್ಲೂ ಒಂದೇ ತೂಕದ್ದಲ್ಲ. ನೋಡಬೇಕಾದ್ದು: ರೈಲು ಕೈಕೊಟ್ಟರೆ ಹಡಗಿಗೆ ವಾಪಸಾಗಕ್ಕೆ ಎರಡನೇ ದಾರಿ ಇದೆಯಾ?

ಇಲ್ಲಿ ಬಹಳ ಜನಕ್ಕೆ ಗೊತ್ತಿಲ್ಲದ ವಿಷಯ, ಮಿರ್ದಾಲ್‌ಗೆ ವಾಹನ ಹೋಗೋ ರಸ್ತೆಯೇ ಇಲ್ಲ. ಟ್ಯಾಕ್ಸಿ ಕರೆಯೋ ಮಾತೇ ಇಲ್ಲ. ರೈಲು ಬಿಟ್ಟರೆ ಇರೋದು ಹಿಂದೆ ರೈಲು ಕೂಲಿಗಳು ಓಡಾಡಿದ ರಾಲ್ಲಾರ್‌ವೇಗನ್ ಅನ್ನೋ ದಾರಿ, ಫ್ಲೋಮ್‌ಗೆ ಸುಮಾರು 20 ಕಿ.ಮೀ., ಶುರುವಿನಲ್ಲೇ 21 ಹೇರ್‌ಪಿನ್ ತಿರುವು. ಸೈಕಲ್ಲಿಗೆ ಹಬ್ಬ, 71 ವರ್ಷದವರ ಮಂಡಿಗೆ ಅಲ್ಲ.

ಅಂದ್ರೆ ದೂರದಲ್ಲಿ ಅಪಾಯ ಇಲ್ಲ, ಗಂಟೆಯಲ್ಲಿ ಇದೆ. ಬೆಳಗಿನ ಗಾಡಿ ಹಿಡಿದರೆ ಅಪಾಯ ಹೆಚ್ಚುಕಡಿಮೆ ಸೊನ್ನೆ. ಮಧ್ಯಾಹ್ನದ ಗಾಡಿಯಾದ್ರೆ ಜಯನಗರದವರ ಮಾತು ಕೇಳಿ.

ಲೆಕ್ಕ ಹಿಂದಿನಿಂದ ಮುಂದಕ್ಕೆ ಹಾಕಿ. ಹಡಗು ಹತ್ತೋ ಗಡುವು 4:30. ಅದಕ್ಕೆ ಒಂದು ಗಂಟೆ ಮೊದಲು, 3:30ಕ್ಕೆ, ಫ್ಲೋಮ್ ಸ್ಟೇಷನ್ನಿನಲ್ಲಿ ಇರಬೇಕು. ಹಾಗಿದ್ರೆ ಮಿರ್ದಾಲ್‌ನಿಂದ ಸುರಕ್ಷಿತವಾಗಿ ಹಿಡಿಯಬಹುದಾದ ಕೊನೆಯ ಗಾಡಿ 2:30ರ ಸುಮಾರಿನದು. ಈಗ ಎರಡು ಗಾಡಿ ಹಿಂದಕ್ಕೆ ಬನ್ನಿ, ಒಂದೂಕಾಲು ಗಂಟೆಯ ಹಾಗೆ: 1:15, 12:00. ನೀವು ಟಿಕೆಟ್ ಮಾಡಬೇಕಾದ ವಾಪಸ್ ಗಾಡಿ 12:00ರದ್ದು ಅಥವಾ ಅದಕ್ಕಿಂತ ಮುಂಚಿನದು. ಅದು ರದ್ದಾದರೂ ಕೈಯಲ್ಲಿ ಇನ್ನೆರಡು ಗಾಡಿ ಇರುತ್ತೆ. ಹತ್ತೋ ಕಡೆಯಿಂದ ಹೇಳೋದಾದ್ರೆ ಫ್ಲೋಮ್ ಬಿಡೋದು ಬೆಳಗ್ಗೆ 9:15ರಿಂದ 10:45ರ ಒಳಗೆ ಇರಲಿ. ನಿಖರ ನಿಮಿಷಗಳನ್ನ ನಿಮ್ಮ ತಾರೀಖಿನ ವೇಳಾಪಟ್ಟಿಯಲ್ಲಿ ನೋಡಿ ಕೂರಿಸಿ, ತಿಂಗಳಿಂದ ತಿಂಗಳಿಗೆ ಬದಲಾಗುತ್ತೆ.

ಮೊಟ್ಟಮೊದಲ ಗಾಡಿ ಬೇಡ. 8ಕ್ಕೆ ಹಡಗು ಬಂತು ಅಂದ್ರೆ 8ಕ್ಕೆ ಹಗ್ಗ ಕಟ್ತಾರೆ ಅಂತ ಅರ್ಥ. ಬಂದರಿನವರ ಅನುಮತಿ ಸಿಕ್ಕಿ ಜನ ಇಳಿಯೋದು 8:15–8:30. ನಾಲ್ಕೈದು ಡೆಕ್ಕಿನ ಜನ ಒಂದೇ ಲಿಫ್ಟಿಗೆ ಮುಗಿಬಿದ್ದಿರ್ತಾರೆ.

ಯಶವಂತಪುರ ಲೂಪ್‌ಲೈನ್:

ಲೆಕ್ಕಕ್ಕೆ ಒಂದು ಸೇರ್ಪಡೆ. ಹತ್ತಿದ ಗಾಡಿಯೇ ಮಿರ್ದಾಲ್‌ನಲ್ಲಿ ಸ್ವಲ್ಪ ಹೊತ್ತು ನಿಂತು ವಾಪಸ್ ಇಳಿಯುತ್ತೆ. ಅದರಲ್ಲೇ ಬಂದರೆ ಒಟ್ಟು ಎರಡು, ಎರಡೂಕಾಲು ಗಂಟೆಯಲ್ಲಿ ಮುಗೀತು. ಮೇಲೆ ಇಳಿದು ಕಾಫಿ ಕುಡಿದು ಬರೋಣ ಅಂದ್ರೆ ಮುಂದಿನ ಗಾಡಿವರೆಗೂ ಕಾಯಬೇಕು. ಟಿಕೆಟ್ ನಿರ್ದಿಷ್ಟ ಗಾಡಿಗೆ ಇರುತ್ತೆ, ಹಾಗಾಗಿ ಇದನ್ನ ಬುಕ್ ಮಾಡುವಾಗಲೇ ತೀರ್ಮಾನಿಸಿ. ಮೇಲೆ ನಿಂತು ಮನಸ್ಸು ಬದಲಾಯಿಸೋ ಹಾಗಿಲ್ಲ. ಮಿರ್ದಾಲ್‌ನಲ್ಲಿ ಇರೋದು ಪ್ಲಾಟ್‌ಫಾರ್ಮು, ಒಂದು ಕೆಫೆ, ಚಳಿಗಾಳಿ. ಹಿರಿಯರು ಇದ್ದಾರೆ ಅಂದ್ರೆ ಅದೇ ಗಾಡಿಯಲ್ಲಿ ವಾಪಸ್ ಬರೋದು ಒಳ್ಳೇದು.

ಗಾಂಧಿಬಜಾರ್ ಗಡಿಯಾರ:

ತುಂಬ ಉಪಕಾರ ಆಯ್ತು. ಈಗ ಜಾಲತಾಣ ನೋಡಿದೆ. ನಮ್ಮ ತಾರೀಖಿಗೆ 9ರಿಂದ 11ರ ನಡುವಿನ ಎರಡೂ ಗಾಡಿ ನಾಲ್ಕು ಜನಕ್ಕೆ ಇಲ್ಲ ಅಂತ ತೋರಿಸ್ತಿದೆ. ಮಧ್ಯಾಹ್ನದ್ದು ಮಾತ್ರ ಇದೆ. ಈಗೇನು ಮಾಡೋದು?

ಮಿಸಳಭಾಜಿ:

ಇದು ಕ್ರೂಸ್ ದಿನಗಳ ಮಾಮೂಲಿ ಕಾಯಿಲೆ. ಫ್ಲೋಮ್ ಕೆಲವು ನೂರು ಜನರ ಹಳ್ಳಿ. ಒಂದು ದೊಡ್ಡ ಹಡಗಲ್ಲೇ ಮೂರು ನಾಲ್ಕು ಸಾವಿರ ಜನ. ಹಡಗಿನವರು ತಮ್ಮ ಟೂರಿಗೆ ಬೋಗಿಗಟ್ಟಲೆ ಸೀಟು ಮೊದಲೇ ಎತ್ತಿಟ್ಟುಕೊಂಡಿರ್ತಾರೆ, ಬಿಡಿ ಟಿಕೆಟಿಗೆ ಉಳಿಯೋದು ಚೂರುಪಾರು.

ನಾಲ್ಕು ಜನ ಅಂತ ಹುಡುಕಬೇಡಿ, ಇಬ್ಬಿಬ್ಬರಂತೆ ಹುಡುಕಿ. ಮೂರು ಸೀಟು ಉಳಿದಿದ್ದರೂ ನಾಲ್ಕಕ್ಕೆ ಕೇಳಿದಾಗ ಇಲ್ಲ ಅಂತಲೇ ಬರುತ್ತೆ. ಹೋಗಿಬರೋದು ಒಟ್ಟಿಗೆ ಸಿಗದಿದ್ದರೆ ಏರೋದು ಬೇರೆ, ಇಳಿಯೋದು ಬೇರೆ ಅಂತ ಬಿಡಿಸಿ ನೋಡಿ. ಕೆಲವೊಮ್ಮೆ ಏರೋ ಗಾಡಿ ತುಂಬಿರುತ್ತೆ, ಇಳಿಯೋದರಲ್ಲಿ ಜಾಗ ಇರುತ್ತೆ. ಆಗ ಮೇಲೆ ಒಂದೂಕಾಲು ಗಂಟೆ ಕಾಯೋದಾದರೂ ಸರಿ, 12ರ ಗೆರೆ ದಾಟದಿದ್ದರೆ ಆಯ್ತು.

ಇನ್ನೊಂದು, ಬಂದರಿನ ಹಡಗುಗಳ ಕ್ಯಾಲೆಂಡರ್ ಅಂತರಜಾಲದಲ್ಲಿ ಸಿಗುತ್ತೆ. ಅವತ್ತು ನಿಮ್ಮದೊಂದೇ ಹಡಗಾ, ಎರಡಾ ಅಂತ ನೋಡಿ. ಎರಡು ಅಂದ್ರೆ ಇವತ್ತೇ ಬುಕ್ ಮಾಡಿ. ಇನ್ನೂ ಒಂದು ಕಾರಣಕ್ಕೆ ಅದನ್ನ ನೋಡಬೇಕು: ಎರಡು ದೊಡ್ಡ ಹಡಗು ಬಂದ ದಿನ ಒಂದು ಕಟ್ಟೆಗೆ ಬರುತ್ತೆ, ಇನ್ನೊಂದು ನೀರಿನ ಮಧ್ಯೆ ಲಂಗರು ಹಾಕಿ ಸಣ್ಣ ದೋಣಿಯಲ್ಲಿ ಜನರನ್ನ ದಡಕ್ಕೆ ಬಿಡುತ್ತೆ. ನಿಮ್ಮ ಕಾರ್ಯಕ್ರಮ ಪಟ್ಟಿಯಲ್ಲಿ ಫ್ಲೋಮ್ ಮುಂದೆ ಟೆಂಡರ್ ಅಂತ ಇದ್ದರೆ ಮೇಲಿನ ಲೆಕ್ಕಕ್ಕೆ ಒಂದು ಗಂಟೆ ಸೇರಿಸಿ. ದೋಣಿ ಇಳಿಯೋ ಸರದಿಯಲ್ಲಿ ಹಡಗಿನ ಟೂರಿನವರಿಗೆ ಮೊದಲ ಜಾಗ, ನಿಮ್ಮಂಥವರಿಗೆ ಟೋಕನ್ ಕೊಟ್ಟು ಕೂರಿಸ್ತಾರೆ. 9:45ರ ಗಾಡಿ ಕಣ್ಣೆದುರೇ ಹೋಗೋದು ಹೀಗೇ.

ಯಶವಂತಪುರ ಲೂಪ್‌ಲೈನ್:

ಮಧ್ಯೆ ಬಾಯಿ ಹಾಕ್ತೀನಿ. ಟಿಕೆಟ್ ಹುಡುಕ್ತಾ ಇರುವಾಗ ಹಡಗಿನ ಟೂರನ್ನೂ ಕಾಯ್ದಿರಿಸಿ ಇಟ್ಕೊಳ್ಳಿ. ಬಹಳಷ್ಟು ಕ್ರೂಸ್ ಕಂಪನಿಗಳು ಟೂರ್ ದಿನಕ್ಕೆ ಸ್ವಲ್ಪ ಮೊದಲಿನವರೆಗೆ ರದ್ದು ಮಾಡಿದರೆ ಹಣ ವಾಪಸ್ ಕೊಡ್ತವೆ. ನಿಮ್ಮವರ ಗಡುವು ಎಷ್ಟು ಗಂಟೆ ಅಂತ ಓದಿ ಫೋನಲ್ಲಿ ಅಲಾರಂ ಇಟ್ಟುಬಿಡಿ. ನೇರ ಟಿಕೆಟ್ ಸಿಕ್ಕ ದಿನ ಅದನ್ನ ಬಿಡಿ.

ಎದುರು ಅಪಾಯವೂ ಇದೆ. ಗಾಳಿ ಜಾಸ್ತಿ ಅಂತ ಹಡಗು ಬಂದರನ್ನೇ ಬಿಟ್ಟು ಹೋದರೆ ಹಡಗಿನ ಟೂರ್ ದುಡ್ಡು ತಾನಾಗಿ ವಾಪಸ್ ಬರುತ್ತೆ, ನೇರ ರೈಲು ಟಿಕೆಟ್ಟಿನದು ಬರಲ್ಲ. ರದ್ದು ಮಾಡೋ ಅವಕಾಶ ಇರೋ ದರ ಸಿಕ್ಕರೆ ಸ್ವಲ್ಪ ಹೆಚ್ಚು ಕೊಟ್ಟಾದರೂ ಅದೇ ತಗೊಳ್ಳಿ. ಇಲ್ಲದಿದ್ದರೆ ಪ್ರಯಾಣ ವಿಮೆಯಲ್ಲಿ 'ಬಂದರು ತಪ್ಪಿದರೆ' ಅನ್ನೋ ಸಾಲು ಇದೆಯಾ ನೋಡಿ.

ಕಾಸಿಗೆ ತಕ್ಕ ಕಜ್ಜಾಯ:

ದುಡ್ಡಿನ ಭಾಗ ನನಗೆ ಬಿಡಿ.

2020ರ ಅಕ್ಟೋಬರಿನಿಂದ ರಿಸರ್ವ್ ಬ್ಯಾಂಕ್ ನಿಯಮದ ಪ್ರಕಾರ ಹೊಸ ಕಾರ್ಡುಗಳು ದೇಶದೊಳಗಿನ ಬಳಕೆಗೆ ಮಾತ್ರ ತೆರೆದಿರ್ತವೆ. ವಿದೇಶಿ ಬಳಕೆಯನ್ನ ಬ್ಯಾಂಕಿನ ಆ್ಯಪಿನಲ್ಲಿ ನೀವೇ ಆನ್ ಮಾಡಬೇಕು, ಆನ್‌ಲೈನ್ ಖರೀದಿಗೆ ಒಂದು ಗುಂಡಿ, ಅಂಗಡಿಯ ಯಂತ್ರಕ್ಕೆ ಇನ್ನೊಂದು. ಟಿಕೆಟ್ ತಗೊಳ್ಳುವಾಗ ಹಣ ಹೋಗ್ತಿಲ್ಲ ಅಂತ ಒದ್ದಾಡೋರಲ್ಲಿ ಅರ್ಧ ಜನ ಮೊದಲನೇದನ್ನೇ ಆನ್ ಮಾಡಿರಲ್ಲ. ಒಟಿಪಿ ಭಾರತದ ಸಿಮ್ಮಿಗೆ ಬರುತ್ತೆ, ಹಾಗಾಗಿ ಟಿಕೆಟ್ ಕೆಲಸ ಬೆಂಗಳೂರಲ್ಲೇ ಮುಗಿಸಿ.

ಕಾರ್ಡಿನ ವಿದೇಶಿ ಮಾರ್ಕಪ್, ಅಂದ್ರೆ ಬ್ಯಾಂಕ್ ಸೇರಿಸೋ ಹೆಚ್ಚುವರಿ ಶುಲ್ಕ, ಶೇ 3.5 ಅಂತಾದ್ರೆ 10,000 ರೂಪಾಯಿ ಟಿಕೆಟ್ಟಿಗೆ 350, ಅದರ ಮೇಲೆ ಶೇ 18 ಜಿಎಸ್‌ಟಿ 63. ಒಟ್ಟು 413 ರೂಪಾಯಿ ಸುಮ್ಮನೆ. ಮಾರ್ಕಪ್ ಇಲ್ಲದ ಕಾರ್ಡ್ ಮನೆಯಲ್ಲಿ ಯಾರ ಹತ್ತಿರ ಇದ್ದರೂ ಅದನ್ನೇ ಬಳಸಿ. ಪಾವತಿ ಪುಟ 'ರೂಪಾಯಿಯಲ್ಲಿ ಕೊಡ್ತೀರಾ?' ಅಂತ ಕೇಳಿದರೆ ಬೇಡ ಅನ್ನಿ, ನಾರ್ವೆಯ ಹಣವಾದ ಕ್ರೋನರ್‌ನಲ್ಲೇ ಕೊಡಿ. ಅವರು ಹಾಕೋ ವಿನಿಮಯ ದರ ಯಾವಾಗಲೂ ನಿಮಗೆ ನಷ್ಟ.

ನಾರ್ವೆಯಲ್ಲಿ ನಗದು ಬಳಸೋರೇ ಕಡಿಮೆ. ಕಾಫಿ, ಬನ್ನು ಎಲ್ಲಕ್ಕೂ ಕಾರ್ಡ್. ಏರ್‌ಪೋರ್ಟಿನಲ್ಲಿ ಕ್ರೋನರ್ ನೋಟು ಕೊಂಡುಕೊಳ್ಳೋ ತಾಪತ್ರಯ ಬೇಡ.

ಮಿಸಳಭಾಜಿ:

ಗಡಿಯಾರದ ಬಗ್ಗೆ, ನಿಮ್ಮ ಹೆಸರಿಗೆ ತಕ್ಕ ಹಾಗೆ :) ಬೇಸಿಗೆಯಲ್ಲಿ ನಾರ್ವೆ ಸಮಯ ಇಂಗ್ಲೆಂಡಿಗಿಂತ ಒಂದು ಗಂಟೆ ಮುಂದೆ. ಸೌತಾಂಪ್ಟನ್‌ನಿಂದ ಹೊರಟ ಹಡಗು ಸಾಮಾನ್ಯವಾಗಿ ಮೊದಲ ಬಂದರಿಗೆ ಮುಂಚಿನ ರಾತ್ರಿ ಗಡಿಯಾರ ಮುಂದೆ ಹಾಕುತ್ತೆ. ಆದರೆ 'ಹಾಕುತ್ತೆ' ಅಂತ ಊಹಿಸಬೇಡಿ. ಕೋಣೆಗೆ ಬರೋ ದಿನದ ಹಾಳೆಯಲ್ಲಿ ಹಡಗಿನ ಸಮಯವೂ ಊರಿನ ಸಮಯವೂ ಒಂದೇನಾ ಅಂತ ನೋಡಿ. ರೈಲು ಊರಿನ ಸಮಯಕ್ಕೆ ಬಿಡುತ್ತೆ, ಹಡಗು ಹಡಗಿನ ಸಮಯಕ್ಕೆ ಬಿಡುತ್ತೆ.

ಫೋನಿನ ಸಮಯವನ್ನ ನಂಬೋದೇ ದೊಡ್ಡ ತಪ್ಪು. ಹಡಗಲ್ಲಿ ಫೋನು ಸಮುದ್ರದ ಉಪಗ್ರಹ ಜಾಲಕ್ಕೆ ಅಂಟಿಕೊಂಡರೆ ಸಮಯ ತಾನೇ ಎಲ್ಲೆಲ್ಲಿಗೋ ಜಿಗಿಯುತ್ತೆ, ಬಿಲ್ಲೂ ಅಷ್ಟೇ. ಹಡಗು ಹತ್ತಿದ ಕೂಡಲೇ ಫ್ಲೈಟ್ ಮೋಡ್, ಸಮಯ ತಾನಾಗಿ ಬದಲಾಗೋ ಸೆಟ್ಟಿಂಗ್ ಆಫ್. ಇಳಿದು ಕಟ್ಟೆ ದಾಟಿದ ಮೇಲೆ ಯುರೋಪಿನ ಇ-ಸಿಮ್ ಆನ್ ಮಾಡಿ. ಹಿರಿಯರ ಕೈಯಲ್ಲಿ ಹಳೇ ಎಚ್‌ಎಂಟಿ ಇದ್ದರೆ ಅದಕ್ಕಿಂತ ನಂಬಿಕಸ್ಥ ಬೇರೆ ಇಲ್ಲ, ಹಡಗಿನ ಸಮಯಕ್ಕೆ ಇಟ್ಟು ಬಿಟ್ಟುಬಿಡಿ.

ಅದೇ ಹಾಳೆಯಲ್ಲಿ ಬಂದರು ಏಜೆಂಟರ, ಅಂದ್ರೆ ಆ ಊರಲ್ಲಿ ಹಡಗಿನ ಕೆಲಸ ನೋಡ್ಕೊಳ್ಳೋರ, ಫೋನ್ ನಂಬರ್ ಅಚ್ಚಾಗಿರುತ್ತೆ. ಫೋಟೋ ತೆಗೆದರೆ ಸಾಲದು, ಹಾಳೆಯನ್ನೇ ಮಡಚಿ ಜೇಬಲ್ಲಿಡಿ. ಬ್ಯಾಟರಿ ಸತ್ತ ಹೊತ್ತಲ್ಲೇ ಅದು ಬೇಕಾಗೋದು.

ಗಾಂಧಿಬಜಾರ್ ಗಡಿಯಾರ:

ಇಬ್ಬಿಬ್ಬರಂತೆ ಹುಡುಕಿದೆ, ಎರಡೆರಡಾಗಿ ಒಂದೇ ಗಾಡಿಯಲ್ಲಿ ನಾಲ್ಕೂ ಸಿಕ್ತು! ಬೆಳಗಿನದೇ, ಅದೇ ಗಾಡಿಯಲ್ಲಿ ವಾಪಸ್. ಈಗ ಸಣ್ಣ ಪ್ರಶ್ನೆ: ಯಾವ ಕಡೆ ಕೂತರೆ ಚೆನ್ನಾಗಿ ಕಾಣುತ್ತೆ? ಬೋಗಿಯೊಳಗಿಂದ ಫೋಟೋ ಬರುತ್ತಾ?

ಹಳಿ ಬಿಡದವ:

ಕಡೆಯ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. ಈ ದಾರಿ ಕೆಲವು ಸಲ ಹೊಳೆಯ ಆಚೆ ಈಚೆ ಆಗುತ್ತೆ. ಸೇತುವೆ ಕಟ್ಟೋ ಬದಲು ಹೊಳೆಯನ್ನೇ ಸುರಂಗದೊಳಗೆ ತಿರುಗಿಸಿ ಹಳಿಯ ಕೆಳಗೆ ಬಿಟ್ಟಿದ್ದಾರೆ. ಹಾಗಾಗಿ ನೋಟ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ. ಏರುವಾಗ ಒಂದು ಕಡೆ ಕೂತವರು ಇಳಿಯುವಾಗ ಎದುರು ಕಡೆ ಕೂರಿ, ಅಷ್ಟೇ.

ಏರುವಾಗ ನೋಡ್ಕೊಳ್ಳಿ. ಮೊದಲ ಹತ್ತು ನಿಮಿಷ ತೋಟ, ಹಳೇ ಮನೆ, ಕಣಿವೆ ಇನ್ನೂ ಅಗಲ. ಆಮೇಲೆ 140 ಮೀಟರ್ ನೇರ ಬೀಳೋ ರ್ಯುವಾಂದೆಫೊಸೆನ್ ಜಲಪಾತ. ಬೆರೆಕ್ವಾಮ್‌ನಲ್ಲಿ ಎದುರಿನ ಗಾಡಿ. ಆಮೇಲೆ ಕಣಿವೆ ಇಕ್ಕಟ್ಟಾಗಿ ಸುರಂಗಗಳು ಸಾಲಾಗಿ ಬರ್ತವೆ. ಒಟ್ಟು 20 ಸುರಂಗ, ಸೇರಿಸಿದರೆ ಸುಮಾರು 5.7 ಕಿ.ಮೀ. ಅವುಗಳಲ್ಲಿ 18 ಕೈಯಲ್ಲೇ ಕೊರೆದದ್ದು. 1920ರ ದಶಕದಲ್ಲಿ ಕೆಲಸ ಶುರುವಾಗಿ ಗಾಡಿ ಓಡಿದ್ದು 1940ರಲ್ಲಿ ಅಂದ್ರೆ ಯಾಕೆ ಅಂತ ಈಗ ಅರ್ಥ ಆಗುತ್ತೆ. ಉದ್ದದ್ದು ನೋಲಿ ಸುರಂಗ, 1.3 ಕಿ.ಮೀ.ಗಿಂತ ಸ್ವಲ್ಪ ಜಾಸ್ತಿ.

ಶೋಸ್‌ಫೊಸೆನ್ ಜಲಪಾತದ ಮುಂದೆ ಗಾಡಿ ಐದು ನಿಮಿಷ ನಿಲ್ಲುತ್ತೆ, ಎಲ್ಲರೂ ಇಳಿದು ನೋಡಬಹುದು. 93 ಮೀಟರ್, ಜೋಗದ 253ರ ಮುಂದೆ ಚಿಕ್ಕದೇ. ಆದರೆ ಜೋಗವನ್ನ ಎದುರಿನ ಗುಡ್ಡದಿಂದ ನೋಡ್ತೀರಿ, ಇಲ್ಲಿ ನೀರು ಮುಖಕ್ಕೇ ಸಿಡಿಯುತ್ತೆ. ಜೂನ್–ಜುಲೈನಲ್ಲಿ ಹಿಮ ಕರಗೋ ನೀರು ಜೋರು. ಬೇಸಿಗೆಯಲ್ಲಿ ಬಂಡೆ ಮೇಲೆ ಕೆಂಪು ಬಟ್ಟೆಯ ಹುಲ್ದ್ರಾ ಹಾಡಿನ ಜೊತೆ ಕಾಣಿಸಿಕೊಳ್ತಾಳೆ, ಅವರ ಜನಪದದ ಕಾಡುಮೋಹಿನಿ. ಕೆಲವರಿಗೆ ಇಷ್ಟ, ನನಗೆ ನೀರಿನ ಸದ್ದೇ ಸಾಕು. ಹಿರಿಯರು ಬಾಗಿಲ ಹತ್ತಿರದ ಸೀಟಲ್ಲಿ ಇದ್ದರೆ ಮೊದಲು ಇಳಿದು ಮೊದಲು ಹತ್ತಬಹುದು. ಅಟ್ಟಣಿಗೆ ಒದ್ದೆ ಇರುತ್ತೆ, ಚಪ್ಪಲಿ ಬೇಡ, ಹಿಡಿತ ಇರೋ ಷೂ. ಸೀಟಿ ಹೊಡೆದರೆ ತಕ್ಷಣ ಹತ್ತಿ.

ಮೇಲೆ ವಾತ್ನಾಹಾಲ್ಸೆನ್ ಹತ್ತಿರ ಹಳಿ ಬೆಟ್ಟದೊಳಗೇ ಪೂರ್ತಿ ತಿರುಗುತ್ತೆ. ಸುರಂಗಕ್ಕೆ ಹೋಗುವಾಗ ಎಡಕ್ಕಿದ್ದ ಕಣಿವೆ ಹೊರಗೆ ಬಂದಾಗ ಬಲಕ್ಕೆ. ದಿಕ್ಕು ತಪ್ಪಿದ ಹಾಗಾಗುತ್ತೆ, ಅದೇ ಮಜಾ.

ಫೋಟೋಗೆ ಕಪ್ಪು ಬಟ್ಟೆ ಹಾಕ್ಕೊಳ್ಳಿ. ಬಿಳಿ ಷರ್ಟ್ ಗಾಜಿನ ಮೇಲೆ ಬಿಂಬವಾಗಿ ಪ್ರತಿ ಫೋಟೋದಲ್ಲೂ ಇರುತ್ತೆ. ಕ್ಯಾಮೆರಾ ಮೂತಿಯನ್ನ ಗಾಜಿಗೆ ಒತ್ತಿ ಹಿಡಿಯಿರಿ. ಫ್ಲಾಷ್ ಆಫ್. ಕೆಲವು ಕಿಟಕಿ ತೆರೆಯುತ್ತವೆ, ಅದರ ಪಕ್ಕ ಸಿಕ್ಕರೆ ಅದೃಷ್ಟ. ಸುರಂಗ ಬಂದಾಗ ಮುಚ್ಚಿ, ಇಲ್ಲದಿದ್ದರೆ ಇಡೀ ಬೋಗಿ ನಿಮ್ಮನ್ನ ನೋಡುತ್ತೆ.

ಜಯನಗರ 4ನೇ ಬ್ಲಾಕ್:

ಬಟ್ಟೆ ಬಗ್ಗೆ: 865 ಮೀಟರ್ ಏರಿದರೆ ಉಷ್ಣತೆ ಐದರಿಂದ ಆರು ಡಿಗ್ರಿ ಇಳಿಯುತ್ತೆ. ಕೆಳಗೆ 15 ಇದ್ದರೆ ಮೇಲೆ 9–10, ಗಾಳಿಯಲ್ಲಿ ಇನ್ನೂ ಕಡಿಮೆ ಅನ್ನಿಸುತ್ತೆ. ಬೆಂಗಳೂರಿನ ಡಿಸೆಂಬರ್ ಸ್ವೆಟರ್ ಒಂದೇ ಸಾಲದು, ಮೇಲೊಂದು ಮಳೆ ತಡೆಯೋ ಜಾಕೆಟ್. ಹಡಗಿನ ಬಫೆಯಿಂದ ಹಣ್ಣು, ಸ್ಯಾಂಡ್‌ವಿಚ್ ಕಟ್ಟಿಕೊಂಡು ಇಳಿಯಬೇಡಿ, ಬಹಳ ಹಡಗುಗಳಲ್ಲಿ ಅದಕ್ಕೆ ಅವಕಾಶ ಇಲ್ಲ. ಊರಿಂದ ತಂದ ಕೋಡುಬಳೆ ಪೊಟ್ಟಣ ಸಾಕು. 12ಕ್ಕೆ ವಾಪಸ್ ಬರ್ತೀರಲ್ಲ, ಊಟ ಹಡಗಲ್ಲೇ.

ಬೆಳಗಿನ ಗಾಡಿ ಸಿಕ್ಕಿದ್ದರಿಂದ ನನ್ನ ಆಕ್ಷೇಪ ವಾಪಸ್.

ಗಾಂಧಿಬಜಾರ್ ಗಡಿಯಾರ:

ಧನ್ಯವಾದ ಮೇಡಂ. ಮಧ್ಯಾಹ್ನ ನಾಲ್ಕು ಗಂಟೆ ಉಳಿಯುತ್ತೆ. ನೇರೋಯ್ ಫ್ಯೋರ್ಡ್ (ಕಡಿದಾದ ಬೆಟ್ಟಗಳ ನಡುವೆ ಒಳನುಗ್ಗಿದ ಸಮುದ್ರದ ತೋಳು) ನೋಡೋ ದೋಣಿಯನ್ನೂ ಸೇರಿಸೋ ಆಸೆ. ಮತ್ತೆ ಬರ್ಗೆನ್ ಪ್ರಶ್ನೆ ಹಾಗೇ ಉಳೀತು.

ಯಶವಂತಪುರ ಲೂಪ್‌ಲೈನ್:

ದೋಣಿ ಫ್ಲೋಮ್‌ನಿಂದ ಆ ಫ್ಯೋರ್ಡಿನ ಕೊನೆಯ ಗುದ್ವಾಂಗೆನ್‌ಗೆ ಎರಡು ಗಂಟೆ, ವಾಪಸ್ ಬಸ್ಸು ಸುರಂಗ ದಾರಿಯಲ್ಲಿ ಸುಮಾರು 20 ನಿಮಿಷ. ಕಾಗದದ ಮೇಲೆ ಕೂರುತ್ತೆ: 12:30–1ರ ದೋಣಿ, 3ಕ್ಕೆ ಗುದ್ವಾಂಗೆನ್, ಬಸ್ಸಿಗೆ ಕಾದು 3:45ಕ್ಕೆ ಫ್ಲೋಮ್. ಆದರೆ ಬೆಳಗಿನ ರೈಲಿಗೆ ಎರಡು ಗಾಡಿ ಮೀಸಲು ಇಟ್ಟು ಲೆಕ್ಕ ಹಾಕಿದ ಹಳಿ ಬಿಡದವರ ಶ್ರಮ ನೀರುಪಾಲು. ರೈಲು ಒಂದು ಗಂಟೆ ತಡವಾದರೆ ದೋಣಿ ಟಿಕೆಟ್ ಹೋಯ್ತು, ದೋಣಿ ತಡವಾದರೆ ಹಡಗಿನ ಗಡುವು ಕುತ್ತಿಗೆಗೆ. ಅದಕ್ಕಿಂತ ಮುಖ್ಯ, ನಿಮ್ಮ ಹಡಗೇ ಔರ್ಲಾಂಡ್ ಫ್ಯೋರ್ಡಿನ ಮೂಲಕ ಬಂದು ಹೋಗುತ್ತೆ. ಸಂಜೆ ಡೆಕ್ಕಲ್ಲಿ ನಿಂತರೆ ಅದೇ ಬಗೆಯ ಬೆಟ್ಟದ ಗೋಡೆಗಳು ಪುಕ್ಕಟೆ. ಸ್ಟೇಷನ್ ಪಕ್ಕದಲ್ಲೇ ಹಳೇ ಕಟ್ಟಡದಲ್ಲಿ ಈ ರೈಲಿನ ವಸ್ತುಸಂಗ್ರಹಾಲಯ ಇದೆ, ಪ್ರವೇಶ ಉಚಿತ. ಹಿರಿಯರಿಗೆ ಅದು, ಆಮೇಲೆ ಹಡಗಲ್ಲಿ ಒಂದು ನಿದ್ದೆ. ಕಿರಿಯರು ಬೇಕಿದ್ದರೆ ಬ್ರೆಕ್ಕೆಫೊಸೆನ್ ಜಲಪಾತದ ತನಕ ನಡೆದು ಬರಲಿ.

ಬರ್ಗೆನ್ ವಿಷಯಕ್ಕೆ ಬಂದ್ರೆ, ಅಲ್ಲಿಂದ ರೈಲು, ಬೆಟ್ಟದ ರೈಲು, ದೋಣಿ, ಬಸ್ಸು ಎಲ್ಲ ಸೇರಿಸಿ ಮಾರೋ ಸುತ್ತು ಇಡೀ ದಿನದ್ದು, ಹತ್ತು ಹನ್ನೆರಡು ಗಂಟೆ. ನಿಮ್ಮ 9ರಿಂದ 6ಕ್ಕೆ ಬೇಡವೇ ಬೇಡ. ವೊಸ್ ಅನ್ನೋ ಊರಿನ ತನಕ ರೈಲಲ್ಲಿ ಹೋಗಿಬರೋದು ಜಾಣತನ. ಒಂದು ಕಡೆಗೆ ಸುಮಾರು ಒಂದೂಕಾಲು ಗಂಟೆ, ಫ್ಯೋರ್ಡಿನ ದಡದಲ್ಲೇ ಬಹಳ ದೂರ. 1883ರಲ್ಲೇ ತೆರೆದ ದಾರಿ ಅದು; ಮುಂದೆ 1909ರಲ್ಲಿ ಆಸ್ಲೋವರೆಗೆ ಬೆಳೀತು. ವೊಸ್ ಸ್ಟೇಷನ್ನಿನಿಂದಲೇ ಕೇಬಲ್ ಕಾರ್ ಬೆಟ್ಟ ಹತ್ತುತ್ತೆ, 2019ರಿಂದ ಇದೆ, ಹತ್ತು ನಿಮಿಷದೊಳಗೆ ಮೇಲೆ. ವೊಸ್‌ಗೆ ಹೆದ್ದಾರಿಯೂ ಇದೆ, ರೈಲು ನಿಂತರೆ ಬಸ್ಸು, ಟ್ಯಾಕ್ಸಿ ಸಿಗುತ್ತೆ. ಆದರೆ ಹಡಗುಕಟ್ಟೆಯಿಂದ ಬರ್ಗೆನ್ ಸ್ಟೇಷನ್ನಿಗೆ 20–25 ನಿಮಿಷ ನಡಿಗೆ, ಯಾವ ಕಟ್ಟೆ ಅನ್ನೋದರ ಮೇಲೆ ಹೆಚ್ಚುಕಡಿಮೆ. ಹಿಂದಿನ ದಿನವೇ ರೈಲು ಆಗಿದ್ದರೆ ಬರ್ಗೆನ್‌ನಲ್ಲಿ ಊರು ನೋಡಿ ಅಂತೀನಿ.

ಜೆಪಿನಗರ ಜಹಜು:

ಇದೇ ಎಳೆಯಲ್ಲಿ ಕೇಳಬಹುದಾ? ನಮ್ಮದು ಆಗಸ್ಟ್, ಅಲಾಸ್ಕಾ, ಸ್ಕ್ಯಾಗ್ವೇನಲ್ಲಿ ವೈಟ್ ಪಾಸ್ ರೈಲು. ಅಲ್ಲೂ ನೇರವಾಗಿ ಬುಕ್ ಮಾಡಬಹುದಾ? ಆಮೇಲೆ ಮುಂದಿನ ವರ್ಷ ಇಟಲಿ ಕಡೆ ಯೋಚನೆ, ಲಾ ಸ್ಪೆಝಿಯಾ.

ಹಳಿ ಬಿಡದವ:

ಮಾಡಬಹುದು. ತಮಾಷೆ ಅಂದ್ರೆ ವೈಟ್ ಪಾಸ್ ತುದಿ 2,865 ಅಡಿ, ಅಂದ್ರೆ 873 ಮೀಟರ್. ಮಿರ್ದಾಲ್‌ಗೂ ಅದಕ್ಕೂ ಆರೇ ಮೀಟರ್ ವ್ಯತ್ಯಾಸ. ಚಿನ್ನದ ಹುಚ್ಚಿನ ಕಾಲದಲ್ಲಿ, 1898ರಿಂದ 1900ರವರೆಗೆ ಕಟ್ಟಿದ ಮೂರಡಿ ಅಗಲದ ಹಳಿ. ತುದಿಗೆ ಹೋಗಿ ಬರೋ ಸವಾರಿ ಸುಮಾರು 40 ಮೈಲಿ, ಎರಡೂವರೆಯಿಂದ ಮೂರು ಗಂಟೆ. ಊರಿಂದ ಹೊರಡುವಾಗ ಎಡಗಡೆ ಕೂರಿ, ಕಣಿವೆ ಆ ಕಡೆ. ಮೇಲೆ ಎಂಜಿನ್ ಈ ತುದಿಯಿಂದ ಆ ತುದಿಗೆ ಬಂದು ಸೇರುತ್ತೆ, ಆಗ ಸೀಟಿನ ಬೆನ್ನು ಮಗುಚಿ ಎಲ್ಲರೂ ಕಡೆ ಬದಲಾಯಿಸ್ತಾರೆ.

ನಮ್ಮ ಪಾಸ್‌ಪೋರ್ಟಿನವರು ಎಡವೋದು ವೀಸಾದಲ್ಲಿ. ತುದಿ ಇರೋದು ಅಮೆರಿಕ–ಕೆನಡಾ ಗಡಿಯಲ್ಲಿ; ಅಲ್ಲಿಗೆ ಹೋಗಿ ಇಳಿಯದೆ ವಾಪಸ್ ಬರೋ ಸವಾರಿಗೆ ಕೆನಡಾ ವೀಸಾ ಬೇಡ. ಅದೇ ಹಳಿಯಲ್ಲಿ ಫ್ರೇಸರ್, ಕಾರ್‌ಕ್ರಾಸ್ ತನಕ ಹೋಗೋ ಟಿಕೆಟ್ ತಗೊಂಡರೆ ಕೆನಡಾದಲ್ಲಿ ಇಳಿದ ಹಾಗೆ, ವೀಸಾ ಬೇಕು. ಹಡಗು ಸಿಯಾಟಲ್‌ನಿಂದ ಹೊರಟರೂ ದಾರಿಯಲ್ಲಿ ವಿಕ್ಟೋರಿಯಾ ಮುಟ್ಟಿದರೆ ಹೇಗೂ ಕೆನಡಾ ವೀಸಾ ಬೇಕೇ ಬೇಕು, ಆಗ ಈ ಪ್ರಶ್ನೆ ಇಲ್ಲ. ವ್ಯಾಂಕೂವರಿನಿಂದ ಹೊರಡೋದಾದರೂ ಅಷ್ಟೇ.

ಮಿಸಳಭಾಜಿ:

ಲಾ ಸ್ಪೆಝಿಯಾ ಬಗ್ಗೆ ಆಸೆ ಸ್ವಲ್ಪ ಇಳಿಸಿಕೊಳ್ಳಿ. ಅಲ್ಲಿಂದ ಚಿಂಕ್ವೆ ತೆರ್ರೆ ಅನ್ನೋ ಐದು ಕಡಲತಡಿಯ ಹಳ್ಳಿಗಳಿಗೆ ಹೋಗೋ ರೈಲು 'ಸುಂದರ ಮಾರ್ಗ' ಅಂತ ಎಲ್ಲರೂ ಬರೀತಾರೆ, ಗಾಡಿ ಹೆಚ್ಚಿನ ಹೊತ್ತು ಸುರಂಗದಲ್ಲಿರುತ್ತೆ. ಸುಂದರ ಇರೋದು ಇಳಿದ ಮೇಲೆ, ಹಳ್ಳಿಗಳಲ್ಲಿ. ಮೊದಲ ಹಳ್ಳಿ ರಿಯೊಮಾಜ್ಜೋರೆಗೆ ಹತ್ತೇ ನಿಮಿಷ, ಕೊನೆಯ ಮೊಂತೆರೊಸ್ಸೊಗೂ ಅರ್ಧ ಗಂಟೆಯೊಳಗೆ, ಗಾಡಿಗಳು ಮೇಲಿಂದ ಮೇಲೆ ಇರ್ತವೆ. ಹಿರಿಯರಿದ್ದರೆ ಕೊರ್ನಿಲ್ಯಾ ಬಿಡಿ, ಸ್ಟೇಷನ್ನಿನಿಂದ ಊರಿಗೆ 382 ಮೆಟ್ಟಿಲು. ಇಟಲಿಯಲ್ಲಿ ಹೆದರಬೇಕಾದ್ದು ಮುಷ್ಕರಕ್ಕೆ. ಮೊದಲೇ ಘೋಷಿಸಿರ್ತಾರೆ, ಹಿಂದಿನ ದಿನ 'ಶೋಪೆರೊ' (sciopero, ಮುಷ್ಕರ) ಅನ್ನೋ ಪದ ಹಾಕಿ ಸುದ್ದಿ ಹುಡುಕಿ. ಸಮುದ್ರ ಶಾಂತವಾಗಿದ್ದರೆ ಹಳ್ಳಿಗಳ ನಡುವೆ ದೋಣಿಯೂ ಓಡುತ್ತೆ, ಅಲ್ಲಿ ಎರಡನೇ ದಾರಿ ಅದೇ.

ಯಶವಂತಪುರ ಲೂಪ್‌ಲೈನ್:

ನಾರ್ವೆಯಲ್ಲೇ ಇನ್ನೊಂದು ಹೇಳದೆ ಹೋದರೆ ತಪ್ಪಾಗುತ್ತೆ, ಓಂಡಾಲ್ಸ್‌ನೆಸ್. ಅಲ್ಲೂ ಹಡಗುಕಟ್ಟೆ ಪಕ್ಕದಲ್ಲೇ ಸ್ಟೇಷನ್. ಬೇಸಿಗೆಯಲ್ಲಿ ಬ್ಯೋರ್ಲಿವರೆಗೆ ಪ್ರವಾಸಿಗರಿಗೆಂದೇ ಗಾಡಿ ಬಿಡ್ತಾರೆ. 1924ರ ರೌಮಾ ಮಾರ್ಗ, ಕಿಲ್ಲಿಂಗ್ ಸೇತುವೆ ಹೊಳೆಯಿಂದ 59 ಮೀಟರ್ ಮೇಲೆ. ಫ್ಲೋಮ್‌ನಷ್ಟು ಜನಜಂಗುಳಿ ಇಲ್ಲ, ಹಳಿಯ ಪಕ್ಕದಲ್ಲೇ ಹೆದ್ದಾರಿಯೂ ಇದೆ. ಮಧ್ಯಾಹ್ನದ ಗಾಡಿ ಹಿಡಿಯೋ ಧೈರ್ಯ ಮಾಡೋದಿದ್ದರೆ ಅಲ್ಲಿ ಮಾಡಿ.

ಗಾಂಧಿಬಜಾರ್ ಗಡಿಯಾರ:

ಕೊನೇದು. ಇಳಿಯುವಾಗ ಪಾಸ್‌ಪೋರ್ಟ್ ಕೈಯಲ್ಲಿ ಇರಬೇಕಾ? ಯುಕೆ ಮತ್ತು ಷೆಂಗೆನ್ ಎರಡೂ ವೀಸಾ ಆಗಿದೆ. ಷೆಂಗೆನ್ ಒಂದೇ ಪ್ರವೇಶದ್ದು.

ಹಳಿ ಬಿಡದವ:

ನಿಮ್ಮ ಬಂದರುಗಳೆಲ್ಲ ನಾರ್ವೆಯವೇ ಆಗಿದ್ದು ನಡುವೆ ಹಡಗು ಬ್ರಿಟನ್ನಿನ ಯಾವ ಬಂದರೂ ಮುಟ್ಟದಿದ್ದರೆ ಒಂದು ಪ್ರವೇಶ ಸಾಕು. ಶೆಟ್‌ಲೆಂಡ್ ಥರದ್ದು ಮಧ್ಯೆ ಬಂದು ಮತ್ತೆ ನಾರ್ವೆಗೆ ಹೋಗೋದಾದ್ರೆ ಸಾಲದು, ಪಟ್ಟಿ ಇನ್ನೊಮ್ಮೆ ನೋಡಿ. ಪಾಸ್‌ಪೋರ್ಟನ್ನ ಕೆಲವು ಹಡಗುಗಳು ತಾವೇ ಇಟ್ಕೊಳ್ತವೆ. ನಿಮ್ಮ ಕೈಗೆ ಕೊಟ್ಟಿದ್ದರೆ ಕೋಣೆಯ ತಿಜೋರಿಯಲ್ಲಿ, ತೆರೆದ ಕೂಡಲೇ ಕಾಣೋ ಹಾಗೆ ಮೇಲೇ ಇಡಿ: ಜನ ತಪ್ಪಿಹೋದರೆ ಹಡಗಿನವರು ಅದನ್ನ ತೆಗೆದು ಬಂದರು ಏಜೆಂಟರಿಗೆ ಕೊಡೋ ರೂಢಿ ಇದೆ. ಇಳಿಯುವಾಗ ಜೊತೆಗೆ ಹಡಗಿನ ಕಾರ್ಡ್, ಫೋಟೋ ಇರೋ ಒಂದು ಗುರುತಿನ ಚೀಟಿ, ಪಾಸ್‌ಪೋರ್ಟ್ ಮತ್ತು ವೀಸಾ ಪುಟದ ಜೆರಾಕ್ಸ್. ನಾಲ್ಕೂ ಜನರದ್ದು ಒಬ್ಬರ ಚೀಲದಲ್ಲಿ ಬೇಡ, ಅವರವರದ್ದು ಅವರವರ ಹತ್ತಿರ. ಟಿಕೆಟ್ಟಿನ ಕ್ಯೂಆರ್ ಕೋಡೂ ಹಾಗೇ, ಎರಡು ಫೋನಿನಲ್ಲಿ ಇಳಿಸಿಕೊಂಡಿರಿ, ಒಂದು ಪ್ರಿಂಟೂ ಇರಲಿ.

ಗಾಂಧಿಬಜಾರ್ ಗಡಿಯಾರ:

ಪಟ್ಟಿ ನೋಡಿದೆ, ನಡುವೆ ಬ್ರಿಟನ್ ಬಂದರು ಇಲ್ಲ. ಕಟ್ಟೆಗೇ ಬರುತ್ತೆ, ಟೆಂಡರ್ ಅಲ್ಲ. ಹಡಗಿನ ಟೂರ್ ಈಗಷ್ಟೇ ರದ್ದು ಮಾಡಿದೆ.